ಓಡಿರೆಂದು ಹೇಳುವ ತಮಟೆ

ನಮ್ಮ ದೊಡ್ಡಪ್ಪ ಹುಚ್ಚಯ್ಯನನ್ನು ಯಾರಾದರೂ "ತಮಟೆ ಬಡೀತಿದ್ದೋನಲ್ವಾ" ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಬಡಿಯುತ್ತಿದ್ದ, ಇಲ್ಲವೆನ್ನುವುದಿಲ್ಲ. ಆದರೆ ಕೊಣನೂರಿನ ಆಚೆ, ಕರಿಗುಡ್ಡದ ಕೊಪ್ಪಲಿನಲ್ಲಿ ಕೈಕಾಲು ಕಣ್ಣು ನೆಟ್ಟಗಿಟ್ಟುಕೊಂಡು ಮುದುಕರಾದವರಲ್ಲಿ ಎಷ್ಟೋ ಜನ ಆ ಬಡಿತದ ದೆಸೆಯಿಂದಲೇ ಹಾಗೆ ಉಳಿದವರು. ನಾನು ಅವನ ತಮ್ಮ ಸಣ್ಣಯ್ಯನ ಮಗಳು. ಈ ಕತೆಯನ್ನು ಅಪ್ಪನಿಂದ ಅರ್ಧ, ದೊಡ್ಡಮ್ಮ ಮಲ್ಲಿಗಮ್ಮನಿಂದ ಅರ್ಧ ಕೇಳಿದ್ದೇನೆ. ಹೇಳುವಾಗ ಸ್ವಲ್ಪ ಜಂಬ ಕಂಡರೆ ಕಾಣಲಿ, ನಮ್ಮ ಮನೆಯವರ ವಿಷಯದಲ್ಲಿ ಜಂಬಪಡಲು ನನಗೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ನಮ್ಮೂರಿನಲ್ಲಿ ತಮಟೆ ಹೊಡೆಯುವುದು ನಮ್ಮ ಮನೆತನದ ಚಾಕರಿ. ಹೆಣದ ಮುಂದೆ ಒಂದು ಗತ್ತು, ಅಂದರೆ ಬಡಿತದ ವರಸೆ, ಮಾರಿಹಬ್ಬಕ್ಕೆ ಇನ್ನೊಂದು ಗತ್ತು, ಕಂದಾಯ ಕಟ್ಟಿ ಎಂದೋ ಕೆರೆ ಕೆಲಸಕ್ಕೆ ಬನ್ನಿ ಎಂದೋ ಊರಿಗೆ ಸಾರುವುದಕ್ಕೆ ಮತ್ತೊಂದು. ಈ ಚಾಕರಿಗೆಂದು ಊರಿನವರು ಕೆರೆಯ ಹಿಂದಿನ ಒಂದು ತುಂಡು ಹೊಲವನ್ನು ನಮ್ಮವರಿಗೆ ಬಿಟ್ಟಿದ್ದರು. ಅದರ ರಾಗಿಯಲ್ಲೇ ಎರಡು ಸಂಸಾರದ ಹೊಟ್ಟೆ ತುಂಬಬೇಕು. ಚಾಕರಿ ತಪ್ಪಿದರೆ ಹೊಲ ತಪ್ಪಿತು ಎನ್ನುವುದು ಕರಾರು. ಅದನ್ನು ಯಾರೂ ಬರೆದಿರಲಿಲ್ಲ, ಯಾರೂ ಮರೆತಿರಲೂ ಇಲ್ಲ.

ಐವತ್ತರ ದಶಕದಲ್ಲಿ ನಮ್ಮ ಸೀಮೆಗೆಲ್ಲ ರಸ್ತೆ, ಮೋರಿ, ಸೇತುವೆಗಳ ಹುಚ್ಚು ಹಿಡಿಯಿತು. ಎಲ್ಲದಕ್ಕೂ ಕಲ್ಲು ಬೇಕು, ನಮ್ಮ ಗುಡ್ಡದಲ್ಲಿ ಕಲ್ಲು ಬಿಟ್ಟು ಬೇರೇನೂ ಇರಲಿಲ್ಲ. ಹೊಳೆನರಸೀಪುರದ ಗುತ್ತಿಗೆದಾರ ವೆಂಕಟರಾಮಯ್ಯನವರು ಬಂದು ಅಲ್ಲಿ ಕಲ್ಲು ಕೆಲಸ ಶುರುಮಾಡಿದರು. ಬಂಡೆಗೆ ಕುಳಿ ಹೊಡೆದು ಮದ್ದು ತುಂಬಿ ಸಿಡಿಸುವುದಕ್ಕೆ ಚನ್ನರಾಯಪಟ್ಟಣದ ಕಡೆಯಿಂದ ಪಾಪಯ್ಯ ಎಂಬವನನ್ನು ಕರೆತಂದರು. ಆ ಕಡೆ ಬಾವಿಗಳಲ್ಲಿ ಬಂಡೆ ಸಿಡಿಸಿ ಪಳಗಿದವನು, ಎಡಗೈಯ ಎರಡು ಬೆರಳು ಅಲ್ಲೇ ಬಿಟ್ಟು ಬಂದಿದ್ದ. ನಮ್ಮ ಕೇರಿಯ ಗಂಡಸರು ಹೆಂಗಸರಿಗೆಲ್ಲ ಗುಡ್ಡದಲ್ಲಿ ಕೂಲಿ ಸಿಕ್ಕಿತು.

ಮೊದಲ ಸಲ ಮದ್ದು ಹಚ್ಚುವ ದಿನ ವೆಂಕಟರಾಮಯ್ಯನವರು ದೊಡ್ಡಪ್ಪನನ್ನು ಕರೆದು, "ನೋಡಪ್ಪ ಹುಚ್ಚಯ್ಯ, ಬತ್ತಿಗೆ ಬೆಂಕಿ ಇಡೋ ಮುಂಚೆ ತಮಟೆ ಹೊಡೆದು ಜನಾನ ದೂರ ಕಳಿಸಬೇಕು. ನಿನ್ನ ತಮಟೆ ಊರಿಗೆಲ್ಲ ಕೇಳತ್ತಂತೆ," ಎಂದರು. ಒಳ್ಳೆಯ ಉದ್ದೇಶದ ಮಾತೇ. ದೊಡ್ಡಪ್ಪ ತಮಟೆಯನ್ನು ಹುಲ್ಲಿನ ಬೆಂಕಿಗೆ ಕಾಯಿಸಿಕೊಂಡು, ರಸ್ತೆಯ ತಿರುವಿನ ಪಕ್ಕದ ಗುಂಡುಕಲ್ಲಿನ ಮೇಲೆ ನಿಂತು, ಸಾರುವ ಗತ್ತನ್ನು ಬಾರಿಸಿದ. ಬಾಯಲ್ಲಿ "ಓಡಿ, ಓಡಿ" ಎಂದು ಕೂಗಿಯೂ ಕೂಗಿದ.

ಊರಿಗೆ ಊರೇ ಗುಡ್ಡದ ಕಡೆಗೆ ಓಡಿಬಂತು.

ಬರದೆ ಇನ್ನೇನು? ತಾತ ಮುತ್ತಾತನ ಕಾಲದಿಂದ ತಮಟೆ ಸದ್ದಾಯಿತು ಎಂದರೆ ಬನ್ನಿ ಎಂದೇ ಅರ್ಥ. ಸಾವಿಗೆ ಬನ್ನಿ, ಹಬ್ಬಕ್ಕೆ ಬನ್ನಿ, ಸುದ್ದಿ ಕೇಳಲು ಬನ್ನಿ. ಸದ್ದಿನ ಮಧ್ಯೆ ಬಾಯಿಮಾತು ಯಾರಿಗೆ ಕೇಳುತ್ತದೆ? ಕಂಕುಳಲ್ಲಿ ಕೂಸು ಎತ್ತಿಕೊಂಡವರು, ಊಟದ ಎಂಜಲುಗೈಯವರು, ದನ ಅಲ್ಲೇ ಬಿಟ್ಟವರು, ಎಲ್ಲರೂ ಏನು ಏನು ಎಂದು ಕೇಳುತ್ತ ಬಂದರು. ದೊಡ್ಡಪ್ಪ ಗಾಬರಿಯಾಗಿ ಇನ್ನೂ ಜೋರಾಗಿ ಬಾರಿಸಿದ. ಅವನು ಜೋರು ಮಾಡಿದಷ್ಟೂ ಜನ ಜಾಸ್ತಿಯಾದರು. ಅಷ್ಟರಲ್ಲಿ ಬಂಡೆ ಸಿಡಿಯಿತು. ರಾಗಿ ಬೀಸುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಿದ್ದ ನಮ್ಮ ಕೇರಿಯ ಸಣ್ಣಕ್ಕನ ಹೆಗಲಿಗೆ ಒಂದು ಚಕ್ಕೆ ಬಡಿಯಿತು. ಜೀವ ಉಳಿಯಿತು. ಆದರೆ ಆ ಕೈ ಮತ್ತೆ ತಲೆಯ ಮೇಲಿನ ಕೊಡಕ್ಕೆ ಎಟುಕಲಿಲ್ಲ.

"ಓಡ್ರೋ ಅಂದ್ರೆ ಓಡ್ಕಂಡು ಬತ್ತಾವಲ್ಲೋ! ಇದ್ಯಾವ ಸೀಮೆ ಜನ್ವೋ!" ಎಂದು ಪಾಪಯ್ಯ ತಲೆ ಚಚ್ಚಿಕೊಂಡ.

"ಜನ್ರುದ್ದೇನೂ ತಪ್ಪಿಲ್ಲ ಕಣ್ ಪಾಪಣ್ಣ," ಎಂದ ದೊಡ್ಡಪ್ಪ. "ನಾನು ಬನ್ನಿ ಅಂದೆ, ಅವ್ರು ಬಂದ್ರು."

ಅಲ್ಲಿಂದ ಅವನಿಗೆ ಒಂದೇ ಚಿಂತೆ ಹತ್ತಿತು. ಹೋಗಿ ಎನ್ನುವ ಗತ್ತೊಂದು ಬೇಕು. ಇದ್ದ ಗತ್ತುಗಳೆಲ್ಲ ನಡೆಯುವುದಕ್ಕೆ, ಕುಣಿಯುವುದಕ್ಕೆ, ಹೆಣ ಹೊರುವುದಕ್ಕೆ ಹುಟ್ಟಿದವು. ಕೇಳಿದರೆ ಕಾಲು ತಾನಾಗಿ ಅವುಗಳ ಹಿಂದೆ ಹೋಗುತ್ತದೆ. ಅವನಿಗೆ ಬೇಕಾದದ್ದು ಕಾಲಿಗೆ ಸಿಗದ ಗತ್ತು. ಸಂಜೆ ಹೊತ್ತು ಹಿತ್ತಲಿನಲ್ಲಿ ಕೂತು ಏನೇನೋ ಬಾರಿಸುವುದು, ರಾಗಿ ಬೀಸುತ್ತಿದ್ದ ದೊಡ್ಡಮ್ಮನ ಕೈ ನೋಡುವುದು. ಬೀಸುವ ಕೈ ತಮಟೆಗೆ ಸರಿಯಾಗಿ ಹೊಂದಿಕೊಂಡು ತಿರುಗಿದರೆ, ಇದು ಬೇಡ ಎಂದು ಬಿಟ್ಟುಬಿಡುವುದು. ನೆರೆಹೊರೆಯವರು ಹೆಸರಿಗೆ ತಕ್ಕ ಹಾಗೆ ಹುಚ್ಚು ಹಿಡಿಯಿತು ಎಂದು ನಕ್ಕರು. ಕೊನೆಗೊಂದು ಸಂಜೆ, ಎಲ್ಲಿ ಪೆಟ್ಟು ಬೀಳಬೇಕೋ ಅಲ್ಲಿ ಬೀಳದೆ, ಬೀಳಬಾರದ ಕಡೆ ಬೀಳುವ, ತಡವರಿಸಿ ತಡವರಿಸಿ ಮೈಮೇಲೆ ಬಂದಂತಾಗುವ ಒಂದು ಬಡಿತ ಬಂತು. ದೊಡ್ಡಮ್ಮನ ಕೈ ಬೀಸುಕಲ್ಲಿನ ಗೂಟದ ಮೇಲೆ ಹಾಗೇ ನಿಂತಿತು.

"ಥೂ, ಇದೆಂಥ ಬಡಿತ ಬಡೀತೀಯ! ಎದೆ ಕಿತ್ಕಂಡು ಬತ್ತದೆ. ಮೊದ್ಲು ಆಚಿಗೆ ಓಗು!"

"ಆಚಿಗೆ ಓಗು ಅಂದ್ಯಲ್ಲ," ಎಂದು ದೊಡ್ಡಪ್ಪ ಕುಣಿದಾಡಿಬಿಟ್ಟನಂತೆ, "ಅದೇ ಕಣೆ ನಂಗೆ ಬೇಕಾಗಿದ್ದಿದ್ದು!"

ಅದಕ್ಕೆ ಓಡುಗತ್ತು ಎಂದು ಹೆಸರಾಯಿತು. ಕಂಡುಹಿಡಿದದ್ದು ಅರ್ಧ ಕೆಲಸ, ಜನರಿಗೆ ಅದನ್ನು ರೂಢಿ ಮಾಡಿಸಿದ್ದು ಇನ್ನರ್ಧ. ಮೊದಲು ನಮ್ಮ ಕೇರಿಗೆ, ಆಮೇಲೆ ಗೌಡರ ಬೀದಿಗೆ ಹೋದ. ಅಲ್ಲಿ ಜಗಲಿ ಹತ್ತುವ ಹಾಗಿಲ್ಲ, ಬೀದಿಯ ತುದಿಯಲ್ಲೇ ನಿಲ್ಲಬೇಕು. ಅಲ್ಲಿಂದಲೇ ಓಡುಗತ್ತು ಬಾರಿಸಿ, ಹೆಂಗಸರು ಮಕ್ಕಳೆಲ್ಲ ಗೋಡೆಯ ಮರೆಗೋ ಕೆರೆಯೇರಿಯ ಮರೆಗೋ ಹೋಗುವ ತನಕ ಬಿಡುತ್ತಿರಲಿಲ್ಲ. ಕೆಲವರು ಗೊಣಗಿದರು, ಕೆಲವರು ಹಾಸ್ಯ ಮಾಡಿದರು. ಆದರೆ ಸಣ್ಣಕ್ಕನ ತೂಗುಬಿದ್ದ ಕೈ ಎಲ್ಲರ ಕಣ್ಣೆದುರಿಗೇ ಓಡಾಡುತ್ತಿತ್ತಲ್ಲ. ಒಂದು ದಿನ ಪಟೇಲ ಮಾಯಿಗೌಡರು ಗಾಡಿಯಲ್ಲಿ ಗುಡ್ಡದ ರಸ್ತೆಗೆ ಬಂದವರು, ಓಡುಗತ್ತು ಕೇಳಿ ಎತ್ತಿನ ಕೊರಳ ಹಗ್ಗ ಬಿಚ್ಚಿ, ಎತ್ತುಗಳನ್ನೂ ಹೊಡೆದುಕೊಂಡು ರಸ್ತೆಪಕ್ಕದ ಕೆರೆಯೇರಿಯ ಮರೆಗೆ ಹೋಗಿ ಕೂತರು. ಪಟೇಲರೇ ಕೂತ ಮೇಲೆ ಉಳಿದವರ ಗೊಣಗಾಟ ನಿಂತಿತು.

ಗುಡ್ಡದಲ್ಲಂತೂ ದೊಡ್ಡಪ್ಪನ ದರ್ಬಾರು. ಅವನು ಗುಂಡುಕಲ್ಲಿನ ಮೇಲಿನಿಂದ ಸುತ್ತ ನೋಡಿ, ಒಂದು ನರಪಿಳ್ಳೆಯೂ ಬಯಲಿನಲ್ಲಿ ಇಲ್ಲ ಎಂದು ಗೊತ್ತಾದ ಮೇಲೆ ಕೋಲು ಎತ್ತಿ ತೋರಿಸಿದರೆ ಮಾತ್ರ ಪಾಪಯ್ಯ ಬತ್ತಿಗೆ ಬೆಂಕಿ ಇಡಬೇಕು. ಸಿಡಿದ ಮೇಲೆ, ತುಂಬಿದ ಕುಳಿಗಳೆಲ್ಲ ಸಿಡಿದವೇ ಇಲ್ಲವೇ ಎಂದು ಪಾಪಯ್ಯ ನೋಡಿ ಬಂದು ಹೇಳಬೇಕು. ಆಮೇಲೆ ದೊಡ್ಡಪ್ಪ ಹಳೆಯ ಸಾರುವ ಗತ್ತು ಬಾರಿಸಬೇಕು, ಬನ್ನಿ ಎಂದು. ಅಲ್ಲಿಯ ತನಕ ಯಾರೂ ತಲೆ ಎತ್ತುವ ಹಾಗಿಲ್ಲ. ಒಂದು ಸಲ ವೆಂಕಟರಾಮಯ್ಯನವರೇ ಛತ್ರಿ ಹಿಡಿದು ಮುಂಚೆ ಹೊರಟಾಗ, "ಸಾ, ತಮಟೆ ಇನ್ನೂ ಕರೆದಿಲ್ಲ!" ಎಂದು ಕೂಗಿದನಂತೆ. ಅವರು ಛತ್ರಿ ಮಡಿಸಿ ಹಿಂದಕ್ಕೆ ಹೋಗಿ ಕುಕ್ಕುರುಗಾಲಿನಲ್ಲಿ ಕೂತರಂತೆ. ಅವರು ಹಾಗೆ ಕೂತದ್ದನ್ನು ನೋಡಿದ ಕೂಲಿಯಾಳುಗಳು ಆಮೇಲೆ ಯಾವತ್ತೂ ಅವಸರ ಮಾಡಲಿಲ್ಲ. ಮಳೆಗಾಲಗಳು ಬಂದು ಹೋದವು, ಸಣ್ಣಕ್ಕನ ನಂತರ ನಮ್ಮ ಗುಡ್ಡದಲ್ಲಿ ಯಾರ ಮೈಯಿಂದಲೂ ಒಂದು ತೊಟ್ಟು ರಕ್ತ ಬೀಳಲಿಲ್ಲ. ಆಸುಪಾಸಿನ ಕಲ್ಲು ಕೆಲಸದ ಸುದ್ದಿಗಳನ್ನು ಕೇಳಿದವರಿಗೆ ಅದೆಷ್ಟು ದೊಡ್ಡ ಮಾತು ಎಂದು ಗೊತ್ತು.

ಹೀಗಿರುವಾಗ ಪಟೇಲರ ತಾಯಿ ದೊಡ್ಡಗೌಡತಿ ತೀರಿಕೊಂಡರು. ತುಂಬಿದ ವಯಸ್ಸಿನ ಸಾವು. ಊರು ಕಂಡರಿಯದ ಹಾಗೆ ಮೆರವಣಿಗೆ ಆಗಬೇಕೆಂದು ಪಟೇಲರ ಆಸೆ. ಹೆಣದ ಮುಂದೆ ತಮಟೆ ಹೊಡೆಯುವುದು ದೊಡ್ಡಪ್ಪನ ಪಾಲಿನ ಚಾಕರಿ. ಆದರೆ ಅವತ್ತೇ ಗುಡ್ಡದಲ್ಲಿ ಪಾಪಯ್ಯ ಕುಳಿಗಳಿಗೆಲ್ಲ ಮದ್ದು ತುಂಬಿ ಮುಗಿಸಿದ್ದ. ತುಂಬಿದ ಮದ್ದನ್ನು ಹಾಗೇ ಬಿಟ್ಟು ಬರುವ ಹಾಗಿಲ್ಲ.

ದೊಡ್ಡಪ್ಪ ಪಟೇಲರ ಮನೆಯ ಮುಂದೆ ನಿಂತು, "ಬುದ್ದಿ, ಹೆಣ ಎಷ್ಟೊತ್ತಿಗೆ ಎತ್ತೀರಿ?" ಎಂದು ಕೇಳಿದ.

"ಅರಕಲಗೂಡಿಂದ ನೆಂಟ್ರು ಬರ್ಬೇಕು. ದನ ಮನೆಗೆ ಬರೋ ಹೊತ್ತಾಯ್ತದೆ," ಎಂದರು ಅಲ್ಲಿದ್ದ ಹಿರಿಯರು.

"ಅಂಗಾದ್ರೆ ಅಷ್ಟ್ರಲ್ಲಿ ಗುಡ್ಡದ ಕೆಲ್ಸ ಮುಗಿಸ್ಕಂಡು ಬತ್ತೀನಿ. ಅಲ್ಲೀಗಂಟ ನನ್ ತಮ್ಮ ಇರ್ತಾನೆ."

"ಚಾಕ್ರಿ ತಪ್ಪಿದ್ರೆ ಹೊಲ ಎಲ್ಲಿಗೋಯ್ತದೆ ಗೊತ್ತೈತೇನ್ಲಾ?" ಎಂದು ಅವರಲ್ಲೊಬ್ಬರು ಗದರಿದರು. ದೊಡ್ಡಪ್ಪ ಗೊತ್ತು ಎಂದು ತಲೆಯಾಡಿಸಿ ಗುಡ್ಡಕ್ಕೆ ಹೋದ. ನಮ್ಮಪ್ಪ ಇನ್ನಿಬ್ಬರು ತಮಟೆಯವರ ಜೊತೆ ಸಾವಿನ ಮನೆಯ ಮುಂದೆ ಉಳಿದ.

ಮಧ್ಯಾಹ್ನ ಕಳೆಯುತ್ತಿದ್ದ ಹಾಗೆ ಮೋಡ ಕಟ್ಟಿತು. ಮದ್ದು ನೆನೆದರೆ ಕೆಟ್ಟೀತು ಎಂದು ಪಾಪಯ್ಯ ಅವಸರಪಟ್ಟ. ಅದೇ ಮೋಡ ನೋಡಿ ಊರಿನ ಹಿರಿಯರೂ ಅವಸರಪಟ್ಟರು. ನೆಂಟರು ಬಸ್ಸಿನಿಂದ ಇಳಿದದ್ದೇ ತಡ, ಹೆಣ ಎತ್ತಿಬಿಟ್ಟರು. ಮಸಣಕ್ಕೆ ಹೋಗುವ ದಾರಿ ಗುಡ್ಡದ ಬುಡದಲ್ಲೇ. ಗುಡ್ಡಕ್ಕೆ ಹೇಳಿ ಕಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಮ್ಮಪ್ಪ ಬಾಯಿಬಿಟ್ಟು, "ಬುದ್ದಿ, ಗುಡ್ಡದಾಗೆ ಮದ್ದೈತೆ, ಚೂರು ತಡೀರಿ," ಎಂದದ್ದಕ್ಕೆ, "ಸಾವಿಗಿಂತ ನಿಮ್ಮ ಮದ್ದು ದೊಡ್ದೇನ್ಲಾ, ಹೊಡಿ ತಮಟೆ!" ಎಂದು ಬಾಯಿ ಮುಚ್ಚಿಸಿದರು.

ದೊಡ್ಡಪ್ಪ ಗುಂಡುಕಲ್ಲಿನ ಮೇಲಿನಿಂದ ಓಡುಗತ್ತು ಬಾರಿಸಿ, ಕೂಲಿಯವರೆಲ್ಲ ಮರೆಯಾದದ್ದನ್ನು ನೋಡಿ, ಖಾಲಿ ರಸ್ತೆಯನ್ನೂ ನೋಡಿ, ಕೋಲು ಎತ್ತಿದ. ಪಾಪಯ್ಯ ಉದ್ದನೆಯ ಬತ್ತಿಗಳಿಗೆ ಬೆಂಕಿ ಇಟ್ಟು ಓಡಿದ. ಆಗ ತಿರುವಿನ ಆಚೆಯಿಂದ ಹೆಣದ ಗತ್ತು ಕೇಳಿಸಿತು. ತಮಟೆ, ಕೊಂಬು, ಹೆಂಗಸರ ಅಳು, ಊರಿಗೆ ಊರೇ ಚಟ್ಟದ ಹಿಂದೆ. ಬತ್ತಿ ಉರಿಯುತ್ತಿದೆ, ಅದನ್ನು ಕೀಳಲು ಹೋಗುವುದೆಂದರೆ ಸಾಯಲು ಹೋದಂತೆಯೇ.

ದೊಡ್ಡಪ್ಪ ಜೀವ ಒತ್ತೆಯಿಟ್ಟು ಓಡುಗತ್ತು ಬಾರಿಸಿದ. ಅಷ್ಟೊಂದು ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಮೆರವಣಿಗೆ ಬರುತ್ತಲೇ ಇತ್ತು.

ಇಲ್ಲಿ ಒಂದು ಪದ್ಧತಿಯ ವಿಷಯ ಹೇಳಬೇಕು. ನಮ್ಮ ಕಡೆ ಮಸಣದ ದಾರಿಯಲ್ಲಿ ಒಂದೇ ಒಂದು ಕಡೆ ಹೆಣ ಇಳಿಸಿ, ಹೊರುವವರು ಹೆಗಲು ಬದಲಿಸುತ್ತಾರೆ. ಇಳಿಸಿ ಎಂದು ಯಾರೂ ಬಾಯಲ್ಲಿ ಹೇಳುವುದಿಲ್ಲ, ತಮಟೆ ಹೇಳುತ್ತದೆ. ಅದಕ್ಕೆ ಇಳಿಗತ್ತು ಎನ್ನುತ್ತಾರೆ. ಮುಂದಾಳು ಅದನ್ನು ಎತ್ತಿಕೊಂಡರೆ ಉಳಿದ ತಮಟೆಗಳು ಕೂಡಿಕೊಳ್ಳಬೇಕು, ಚಟ್ಟ ಇಳಿಯಬೇಕು, ಇಳಿದ ಮೇಲೆ ಎಲ್ಲ ಸದ್ದೂ ನಿಲ್ಲಬೇಕು.

ದೊಡ್ಡಪ್ಪ ಇಳಿಗತ್ತು ಬಾರಿಸಿದ. ಅಪ್ಪ ಈ ಜಾಗಕ್ಕೆ ಬಂದಾಗಲೆಲ್ಲ ತನ್ನ ಕೈಯನ್ನೇ ನೋಡಿಕೊಂಡು ಹೇಳುತ್ತಿದ್ದ: "ನನ್ ಕಿವಿಗೆ ಬಿತ್ತೋ ಇಲ್ವೋ ಕಾಣೆ ಮಗ, ಕೈಗೆ ಬಿತ್ತು. ಅಣ್ಣನ ಪೆಟ್ಟಿಗೆ ಕೈ ತಾನಾಗೇ ತಿರುಗ್ತು." ಮೂರೂ ತಮಟೆಗಳು ಇಳಿಗತ್ತಿಗೆ ತಿರುಗಿದವು. ಹೊತ್ತವರ ಮೊಣಕಾಲು ಬಗ್ಗಿತು. ಎಂದೂ ಇಳಿಸದ ಜಾಗದಲ್ಲಿ, ರಸ್ತೆಯ ನಡುವೆ, ದೊಡ್ಡಗೌಡತಿಯ ಚಟ್ಟ ಇಳಿಯಿತು. ಎಲ್ಲ ಸದ್ದೂ ನಿಂತಿತು.

ಆ ಮೌನದಲ್ಲಿ ಓಡುಗತ್ತು ನಿಚ್ಚಳವಾಗಿ ಕೇಳಿತು. ಯಾಕೆ, ಏನು ಎಂದು ಒಬ್ಬರೂ ಕೇಳಲಿಲ್ಲ. ನೆಂಟರ ಕೈ ಹಿಡಿದೆಳೆದುಕೊಂಡು ಊರಿನವರೆಲ್ಲ ಏರಿಯ ಮರೆಗೆ ಬಿದ್ದರು. ರಸ್ತೆಯಲ್ಲಿ ಉಳಿದದ್ದು ಚಟ್ಟ, ಅದರ ಪಕ್ಕದಲ್ಲಿ ಪಟೇಲ ಮಾಯಿಗೌಡರು.

"ಅವ್ವನ್ನ ಬೀದೀಲಿ ಬುಟ್ಟು ನಾನು ಬರಾಕಿಲ್ಲ!" ಎಂದು ಅವರು ಚಟ್ಟದ ಬಿದಿರನ್ನು ತಬ್ಬಿಕೊಂಡು ಕೂತುಬಿಟ್ಟರು.

ದೊಡ್ಡಪ್ಪ ಗುಂಡುಕಲ್ಲಿನಿಂದ ಧುಮುಕಿದ. ಪಟೇಲರ ನೆರಳು ತುಳಿಯಲೂ ಹೆದರುವ ಕಾಲ. ಅವನು ಹೋದವನೇ ಅವರ ರಟ್ಟೆಗೆ ಕೈ ಹಾಕಿ, ಬಿದಿರಿನಿಂದ ಬಿಡಿಸಿ, ಚೀಲ ಎಳೆದ ಹಾಗೆ ಎಳೆದು ಏರಿಯ ಹಿಂದಕ್ಕೆ ಉರುಳಿಸಿ, ಅವರ ಮೇಲೆ ತಾನು ಬಿದ್ದ. ಗುಡ್ಡ ಸಿಡಿಯಿತು. ಧೂಳು ಇಳಿದ ಮೇಲೆ ನೋಡಿದರೆ, ಚಟ್ಟದಿಂದ ಸ್ವಲ್ಪ ಮುಂದೆ, ಮೆರವಣಿಗೆ ಆ ಹೊತ್ತಿಗೆ ತಲುಪಿರುತ್ತಿದ್ದ ಕಡೆ, ಕುರಿಯಷ್ಟು ದಪ್ಪದ ಕಲ್ಲು ರಸ್ತೆಯಲ್ಲಿ ಹೂತು ಕೂತಿತ್ತು. ದೊಡ್ಡಗೌಡತಿಯ ಮೇಲಿನ ಹೂವಿಗೆ ಧೂಳು ಮೆತ್ತಿತ್ತು, ಅಷ್ಟೇ.

ಇಷ್ಟಾದ ಮೇಲೆ ದೊಡ್ಡಪ್ಪನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು ಎಂದುಕೊಂಡಿರೋ? ನ್ಯಾಯಕ್ಕೆ ಕರೆದರು. ಹೆಣವನ್ನು ಎರಡು ಸಲ ಇಳಿಸಿದ ಹಾಗಾಯಿತು, ಅದು ಮನೆತನಕ್ಕೆ ಅಪಶಕುನ. ಚಾಕರಿ ಬಿಟ್ಟು ಗುಡ್ಡಕ್ಕೆ ಹೋದ. ಪಟೇಲರನ್ನು ಮುಟ್ಟಿದ. ತಿಥಿ ಮುಗಿದ ಮಾರನೆಯ ದಿನ ಗುಡ್ಡದ ಮಗ್ಗುಲಿನ ಅರಳಿಕಟ್ಟೆಯ ಮೇಲೆ ಹಿರಿಯರು ಸೇರಿದರು. ಪಟೇಲರು ತಲೆ ಬೋಳಿಸಿಕೊಂಡು ಅವರ ನಡುವೆ ಕೂತಿದ್ದರು. ದೊಡ್ಡಪ್ಪ ಕೆಳಗೆ ನಿಂತಿದ್ದ. ದೊಡ್ಡಮ್ಮ ಅವನ ಹಿಂದೆ ನಿಂತಿದ್ದಳು, ನಾನು ಅವಳ ಕಂಕುಳಲ್ಲಿದ್ದೆನಂತೆ. ಅವತ್ತು ಗುಡ್ಡದಲ್ಲಿ ಅಣ್ಣನ ಬದಲಿಗೆ ನಮ್ಮಪ್ಪ ನಿಂತಿದ್ದ.

"ಜಾಸ್ತಿ ಏನೂ ಬ್ಯಾಡ ಕಣ್ಲಾ," ಎಂದರು ಹಿರಿಯರೊಬ್ಬರು. "ಎಲೆ ಅಡಿಕೆ ಇಟ್ಟು ಅಡ್ಡಬಿದ್ದು, ಅವತ್ತು ತಮಟೆ ಹೊಡ್ದಿದ್ದು ತಪ್ಪಾಯ್ತು ಅನ್ನು. ಹೊಲ ನಿನ್ನತ್ರಾನೇ ಇರ್ತದೆ. ಇಲ್ದಿದ್ರೆ ಬುಟ್ಬುಡು."

"ಅಂದ್ಬುಡು," ಎಂದು ದೊಡ್ಡಮ್ಮ ಹಿಂದಿನಿಂದ ಪಿಸುಗುಟ್ಟಿದಳು. "ನಾಲ್ಗೆ ಸವೆದೋಯ್ತದಾ? ಮಕ್ಳಿಗೆ ಇಟ್ಟು ಬ್ಯಾಡ್ವಾ?"

ದೊಡ್ಡಪ್ಪ ಹೆಗಲ ಮೇಲಿನ ಬಟ್ಟೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ ಹೇಳಿದ: "ಬುದ್ದಿಯೋರ ರಟ್ಟೆ ಇಡ್ದೆ, ಅದಕ್ಕೆ ಅಡ್ಡಬೀಳು ಅನ್ನಿ, ಬೀಳ್ತೀನಿ. ಚಾಕ್ರಿಗೆ ತಡವಾಗಿ ಬಂದೆ, ಅದಕ್ಕೂ ಬೀಳ್ತೀನಿ. ತಮಟೆ ತಪ್ಪು ಅಂತ ಮಾತ್ರ ಈ ಬಾಯಲ್ಲಿ ಬರಾಕಿಲ್ಲ. ಇವತ್ತು ನಾನೇ ತಪ್ಪು ಅಂದ್ಬುಟ್ರೆ, ನಾಳೆ ಅದ ಕೇಳಿ ಯಾರು ಓಡ್ತಾರೆ? ಹೊಲ ತಗಳಿ."

ರಟ್ಟೆ ಹಿಡಿದದ್ದಕ್ಕೂ ಅಡ್ಡಬೀಳುತ್ತೇನೆ ಎಂದನಲ್ಲ, ಅದಕ್ಕೆ ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟಿದೆ. ಆದರೆ ಎರಡು ಸಂಸಾರದ ಅನ್ನದೆದುರು ತಮಟೆಯ ಮಾತನ್ನು ಉಳಿಸಿಕೊಂಡ ಗಂಡಸನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಹಿಂದಿನಿಂದ ದೊಡ್ಡಮ್ಮ ಅಳುವುದು ಕೇಳಿಸುತ್ತಿತ್ತಂತೆ. ಆದರೂ ಅವನು ತಿರುಗಿ ನೋಡಲಿಲ್ಲ.

"ಅಂಗಾದ್ರೆ ಹೊಲ..." ಎಂದು ಹಿರಿಯರು ತೀರ್ಪು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಓಡುಗತ್ತು ಶುರುವಾಯಿತು.

ಮೊದಲು ಓಡಿದವನು ನಮ್ಮ ದೊಡ್ಡಪ್ಪನೇ. ತನ್ನ ಹೊಲದ ತೀರ್ಪು ಅರ್ಧಕ್ಕೇ ಬಿಟ್ಟು, ದೊಡ್ಡಮ್ಮನ ತೋಳು ಹಿಡಿದುಕೊಂಡು ಕಟ್ಟೆಯ ಪಕ್ಕದ ಮಾರಿಗುಡಿಯ ಗೋಡೆಯ ಹಿಂದಕ್ಕೆ ಹಾರಿದ. ಅವನ ಹಿಂದೆಯೇ ಕಟ್ಟೆಯ ಮೇಲಿನ ಹಿರಿಯರೆಲ್ಲ ಪಂಚೆ ಎತ್ತಿಕಟ್ಟಿಕೊಂಡು ಧುಮುಕಿದರು. ಬಾಯಿ ತೆರೆದಿದ್ದವರು ತೆರೆದ ಬಾಯಲ್ಲೇ ಬಂದರು. ಗೋಡೆಯ ಮರೆಯಲ್ಲಿ ಜಾಗ ಇದ್ದದ್ದೇ ಅಷ್ಟು. ಗೌಡರು, ಕೇರಿಯವರು ಎನ್ನದೆ ಎಲ್ಲರೂ ಒಬ್ಬರಿಗೊಬ್ಬರು ಒತ್ತಿಕೊಂಡು ತಲೆ ಬಗ್ಗಿಸಿ ಕೂತರು. ಬಂಡೆ ಸಿಡಿಯಿತು. ಕಟ್ಟೆಯ ಅರಳಿ ಎಲೆಗಳ ಮೇಲೆ ಸಣ್ಣ ಚಕ್ಕೆಗಳು ಪಟಪಟ ಬಿದ್ದವು.

ಒಬ್ಬರೂ ಏಳಲಿಲ್ಲ. ಸಾರುವ ಗತ್ತು ಕೇಳುವ ತನಕ ಹಾಗೇ ಕೂತಿದ್ದರು. ದೊಡ್ಡಪ್ಪನ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿದ್ದವರು ಪಟೇಲರು.

"ಲೇ ಹುಚ್ಚ, ಇವತ್ತು ಹೊಡ್ದೋನು ಯಾರ್ಲಾ?"

"ನನ್ ತಮ್ಮ, ಬುದ್ದಿ."

"ನಿನ್ನಂಗೇ ಹೊಡೀತಾನೆ," ಎಂದರು ಪಟೇಲರು. ಬೋಳುತಲೆಯ ಮೇಲೆ ಕೈಯಾಡಿಸಿ ಧೂಳು ಒರೆಸಿಕೊಂಡರು.

ಬನ್ನಿ ಎಂದು ತಮಟೆ ಕರೆಯಿತು. ಹಿರಿಯರು ಪಂಚೆಯ ಮಣ್ಣು ಕೊಡವುತ್ತ ಎದ್ದರು. ತೀರ್ಪು ಹೇಳಲು ಹೊರಟಿದ್ದವರು ಮತ್ತೆ ಕಟ್ಟೆಯ ಕಡೆ ಹೆಜ್ಜೆ ಹಾಕುತ್ತ, "ಎಲ್ಲೀಗಂಟ ಬಂದಿತ್ತಪ್ಪ ಮಾತು?" ಎಂದು ಕೇಳಿದರು.

"ಮಾತು ಮುಗೀತು," ಎಂದರು ಪಟೇಲರು. "ತಮಟೆ ತಪ್ಪು ಅಂತ ಹೇಳ್ಸಾಕೆ ಬಂದೋರು ಒಬ್ರೂ ಉಳೀದಂಗೆ ಓಡಿದ್ರಲ್ಲ. ನನ್ನೂ ಸೇರ್ಸಿ."

ಯಾರೂ ಕಟ್ಟೆ ಹತ್ತಲಿಲ್ಲ. ಆ ಸಲವೂ ಕೆರೆಯ ಹಿಂದಿನ ಹೊಲಕ್ಕೆ ರಾಗಿ ಬಿತ್ತಿದವರು ನಮ್ಮವರೇ.